ಬೂತಿನ ಲೆಕ್ಕ ಅವರ ಜೇಬಿನಲ್ಲಿದೆ, ನಮ್ಮ ಗೋಡೆ ಮೇಲೆ ಯಾಕಿಲ್ಲ?

ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯವರಿಗೆ ಮತ್ತು ಬೆಳಗಾವಿ ಜಿಲ್ಲಾ ಚುನಾವಣಾಧಿಕಾರಿಯವರಿಗೆ,

ನಮಸ್ಕಾರ.

ನಾನು ಅಥಣಿ ತಾಲೂಕಿನವನು. ಕೃಷ್ಣಾ ದಂಡೆಯ ಊರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ಮಾಸ್ತರ. ನೌಕರಿಯಲ್ಲಿದ್ದಾಗ ಚುನಾವಣೆ ಬಂತು ಅಂದರೆ ನಮಗೂ ಡ್ಯೂಟಿ ಬಂತು ಅಂತಲೇ ಅರ್ಥ. ಮಸ್ಟರಿಂಗ್ ದಿನ ಬಿಸಿಲಲ್ಲಿ ಸಾಲು ನಿಂತು ಪೆಟ್ಟಿಗೆ ತಗೊಂಡು, ಬಸ್ಸು ಹತ್ತಿ, ಗೊತ್ತಿಲ್ಲದ ಊರಿನ ಶಾಲೆಯಲ್ಲಿ ಬೆಂಚು ಜೋಡಿಸಿ ಮಲಗಿದ್ದೇನೆ. ಮೊದಲು ಮತಪತ್ರ, ಆಮೇಲೆ ಯಂತ್ರ, ಎರಡನ್ನೂ ಕಂಡಿದ್ದೇನೆ. ಸ್ವಂತ ಕ್ಷೇತ್ರದಲ್ಲಿ ಡ್ಯೂಟಿ ಹಾಕೋದಿಲ್ಲವಲ್ಲ, ಹಾಗಾಗಿ ಸುತ್ತಲಿನ ಕ್ಷೇತ್ರಗಳ ಬೂತುಗಳೆಲ್ಲ ನನಗೆ ಪರಿಚಯ. ನನ್ನ ಊರಿನ ಬೂತಿನಲ್ಲಿ ಮಾತ್ರ ಒಮ್ಮೆಯೂ ಕೂತಿಲ್ಲ.

ಪಕ್ಷಗಳ ಕೈಯಲ್ಲಿದ್ದು ನಮ್ಮ ಕೈಗೆ ಸಿಗದ ಬೂತ್‌ವಾರು ಮತಲೆಕ್ಕದ ಬಗ್ಗೆ ಈ ಪತ್ರ. ಬರೆಯೋಕೆ ಕಾರಣ ಆದದ್ದು ಒಂದು ಚಹಾದಂಗಡಿ ಜಗಳ. ನಗಬೇಡಿ. ನಮ್ಮ ಕಡೆ ದೊಡ್ಡ ವಿಷಯಗಳೆಲ್ಲ ಅಲ್ಲೇ ಶುರುವಾಗೋದು.

2018ರ ವಿಧಾನಸಭಾ ಚುನಾವಣೆ ನಿಮಗೆ ನೆನಪಿರುತ್ತೆ. ಅಥಣಿಯಲ್ಲಿ ಕಾಂಗ್ರೆಸ್‌ನ ಮಹೇಶ ಕುಮಠಳ್ಳಿ ಅವರಿಗೆ 82,094 ಮತ. ಬಿಜೆಪಿಯ ಲಕ್ಷ್ಮಣ ಸವದಿ ಅವರಿಗೆ 79,763. ಅಂತರ 2,331. ಅಂಗಡಿಯಲ್ಲಿ ಕೂತಿದ್ದ ಒಬ್ಬರು, "ಆ ಸಲ ಫಲಿತಾಂಶ ತಿರುಗಿಸಿದ್ದು ನಮ್ಮೂರು ನೋಡ್ರಿ" ಅಂದರು. ಪಕ್ಕದೂರಿನವರು ಬಿಡ್ತಾರಾ? "ನಿಮ್ಮೂರಾಗ ಏನ್ ಲೀಡ್ ಬಂದಿತ್ತು, ಹೇಳ್ರಿ ನೋಡೋಣ" ಅಂದರು. ಇಬ್ಬರಿಗೂ ಗೊತ್ತಿಲ್ಲ. ಮೂರನೆಯವರು ತೆಲಸಂಗದ ಕಡೆಯವರು, ಒಣ ಭೂಮಿಯವರು. "ನದಿ ಊರುಗಳ್ದು ಬಿಡ್ರಿ, ನೀರಿಲ್ಲದ ನಮ್ಮ ಊರುಗಳೇ ತಿರುಗಿಸಿದ್ದು" ಅಂತ ಅವರ ವಾದ. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಮಾಸ್ತರರು ಲೆಕ್ಕದವರು, ಹೇಳಲಿ ಅಂತ.

ನಾನು ಹೇಳಿದ್ದು ಒಂದೇ. 2,331ರ ಅಂತರ ಅಂದರೆ 1,166 ಜನ ಈ ಕಡೆಯಿಂದ ಆ ಕಡೆ ಹೋಗಿದ್ದರೆ ಗೆದ್ದವರು ಬೇರೆ. ನಮ್ಮ ಕ್ಷೇತ್ರದಲ್ಲಿ ಇನ್ನೂರು ದಾಟಿದ ಮತಗಟ್ಟೆಗಳಿವೆ. ಬೂತಿಗೆ ಐದಾರು ಜನ ಅಷ್ಟೇ. ಹಾಗಾಗಿ ತಿರುಗಿಸಿದ್ದು ನಮ್ಮೂರು ಅಂತ ಯಾವ ಊರು ಬೇಕಾದರೂ ಹೇಳಬಹುದು, ಸುಳ್ಳಾಗೋದಿಲ್ಲ. ಅಂಗಡಿಯವರು ನಕ್ಕರು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ನಮ್ಮೂರಿನ ಬೂತಿನಲ್ಲಿ ನಿಜವಾಗಿ ಯಾರಿಗೆ ಎಷ್ಟು ಬಿತ್ತು? ನೋಡಿಯೇ ಬಿಡೋಣ ಅಂತ ಮನೆಗೆ ಬಂದು ಮೊಮ್ಮಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ.

ನೀವು ಹೇಳಬಹುದು, "ನಮೂನೆ 20 ಅಂತ ಇದೆ, ವೆಬ್‌ಸೈಟ್‌ನಲ್ಲಿ ಹಾಕಿದ್ದೇವೆ" ಅಂತ. ಗೊತ್ತು ಸ್ವಾಮಿ. ಬೂತ್‌ವಾರು ಮತಗಳ ಅಂತಿಮ ಪಟ್ಟಿ ಅದು. ಆದರೆ ಅದರಲ್ಲಿ ಏನಿರುತ್ತೆ? ಮತಗಟ್ಟೆಯ ಕ್ರಮಸಂಖ್ಯೆ, ಅಭ್ಯರ್ಥಿಗಳ ಮುಂದೆ ಅಂಕಿ, ನೋಟಾ, ಒಟ್ಟು, ಟೆಂಡರ್ ಮತ (ತಮ್ಮ ಹೆಸರಲ್ಲಿ ಬೇರೆಯವರು ಆಗಲೇ ಹಾಕಿಹೋಗಿದ್ದಾಗ ನಿಜವಾದ ಮತದಾರರು ಹಾಕೋ ಮತ). ಊರಿನ ಹೆಸರಿಲ್ಲ. 87 ಅಂದರೆ ಯಾವ ಊರು? ಅದಕ್ಕೆ ಇನ್ನೊಂದು ಪಟ್ಟಿ ಹುಡುಕಬೇಕು, ಮತಗಟ್ಟೆಗಳ ಪಟ್ಟಿ. ಅದೂ ಆ ವರ್ಷದ್ದೇ ಆಗಬೇಕು. ಯಾಕಂದರೆ ಮತದಾರರು ಜಾಸ್ತಿಯಾದಾಗೆಲ್ಲ ನೀವು ಬೂತು ಒಡೀತೀರಿ, ಕೂಡಿಸ್ತೀರಿ, ನಂಬರು ಜಾರುತ್ತೆ. ಒಂದು ಚುನಾವಣೆಯಲ್ಲಿ ಒಂದು ನಂಬರಿದ್ದ ಅದೇ ಶಾಲೆ, ಅದೇ ಖೋಲಿ, ಮುಂದಿನ ಚುನಾವಣೆಗೆ ಇನ್ನೊಂದು ನಂಬರು. ಸ್ಕ್ಯಾನ್ ಮಾಡಿದ ಹಾಳೆ ವಾರೆಯಾಗಿ ಕೂತಿರುತ್ತೆ, 3 ಯಾವುದು 8 ಯಾವುದು ತಿಳಿಯೋದಿಲ್ಲ. ಎರಡು ಸಂಜೆ ಕೂತು ನಾನು ಮತ್ತು ಮೊಮ್ಮಗಳು ನಮ್ಮೂರಿನ ಒಂದೇ ಒಂದು ಚುನಾವಣೆಯ ಲೆಕ್ಕ ತೆಗೆದೆವು. ಗಣಿತದ ಮಾಸ್ತರನ ಪಾಡೇ ಇದಾದರೆ ಬೇರೆಯವರ ಪಾಡು ಹೇಳಿ.

ಇದನ್ನು ಅಕ್ಕನಿಗೆ ಹೇಳಿದೆ. ಅಕ್ಕನ ಊರು ಬೇರೆ ಕ್ಷೇತ್ರದಲ್ಲಿದೆ. ಯಾವುದು ಅಂತ ಬರೆಯೋದಿಲ್ಲ. ಅವಳು ನಕ್ಕು, "ನಿನಗ ಎರಡು ದಿನ ಬೇಕಾತು, ಅವರಿಗೆ ಎರಡು ನಿಮಿಷ ಸಾಕು" ಅಂದಳು. ಅವಳ ಕೇರಿಯಿಂದ ಶಾಲೆಗೆ ಹೋಗೋ ದಾರಿ ಮಳೆಗಾಲದಲ್ಲಿ ಕೆಸರುಗದ್ದೆ. ಹುಡುಗರು ಮನವಿ ಬರೆದುಕೊಂಡು ಒಬ್ಬ ಮುಖಂಡರ ಕಡೆ ಹೋಗಿದ್ದರಂತೆ. ಮುಖಂಡರು ಮಾತಾಡಲೇ ಇಲ್ಲ. ಪಕ್ಕದಲ್ಲಿ ಕೂತವನು ಮೊಬೈಲ್ ತೆಗೆದು, ಬೆರಳಾಡಿಸಿ, "ನಿಮ್ಮ ಬೂತ್‌ನ್ಯಾಗ ನಮಗ ಬಿದ್ದದ್ದು ಎಷ್ಟು ಗೊತ್ತೈತೇನು? ನೂರಾ ಹದಿನಾಲ್ಕು. ಯಾರಿಗೆ ಹಾಕೀರಿ ಅವರ ಕಡೆ ಹೋಗಿ ರಸ್ತಾ ಕೇಳ್ರಿ" ಅಂದನಂತೆ. ಹುಡುಗರು ಬಾಯಿ ಮುಚ್ಚಿಕೊಂಡು ಬಂದರು. ಆ ನೂರಾ ಹದಿನಾಲ್ಕು ನಿಜವೋ ಸುಳ್ಳೋ ಅಂತ ಕೇಳೋಕೂ ಅವರ ಹತ್ತಿರ ಕಾಗದ ಇರಲಿಲ್ಲ.

ಯಾವ ಪಕ್ಷ ಅಂತ ದಯವಿಟ್ಟು ಕೇಳಬೇಡಿ. ಆ ಪಟ್ಟಿ ಎಲ್ಲರ ಹತ್ತಿರವೂ ಇರುತ್ತೆ. ಮತದಾನ ಮುಗಿದ ಮೇಲೆ ಬೂತಿನಲ್ಲಿ ಒಟ್ಟು ಎಷ್ಟು ಮತ ಬಿತ್ತು ಅಂತ ಬರೆಯೋ 17ಸಿ ನಮೂನೆ ತುಂಬಿ, ಸಹಿ ಮಾಡಿ, ಏಜೆಂಟರಿಗೆ ಪ್ರತಿ ಕೊಟ್ಟವನು ನಾನೇ. ಎಣಿಕೆ ದಿನ ಟೇಬಲ್ ಮುಂದೆ ಕೂತ ಏಜೆಂಟರು ಬೂತು ಬೂತಿನ ಅಂಕಿ ಬರೆದುಕೊಳ್ಳೋದನ್ನೂ ನೋಡಿದ್ದೇನೆ. ಅದು ಅವರ ಹಕ್ಕು, ತಪ್ಪಲ್ಲ. ಲೆಕ್ಕ ಪಾರದರ್ಶಕ ಇರಲಿ ಅಂತಲೇ ಆ ನಿಯಮ. ಆದರೆ ನಮ್ಮ ಗುಟ್ಟು ನಮಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಇದು ಯಾವ ನ್ಯಾಯ?

ಗುಟ್ಟು ಅಂದೆ. ಆ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಥಣಿ, ರಾಯಬಾಗ ಕಡೆ ಜನ ಊರಿನಲ್ಲಿ ಮಾತ್ರ ಇರೋದಿಲ್ಲ. ಹೊಲದಲ್ಲೇ ಮನೆ ಕಟ್ಟಿಕೊಂಡು ತೋಟದ ವಸ್ತಿಯಲ್ಲಿ ಇರ್ತಾರೆ. ಅದಕ್ಕೇ ಇಲ್ಲಿ ತೋಟದ ಶಾಲೆಗಳು ಜಾಸ್ತಿ. ಅಂಥ ಶಾಲೆಯಲ್ಲಿ ಒಂದು ಬೂತು ಇಟ್ಟರೆ ಐನೂರು ಚಿಲ್ಲರೆ ಮತದಾರರು. ಅದರಲ್ಲಿ ಮೂರು ಮನೆತನಗಳು, ಅವರ ಬೀಗರು. ಅಲ್ಲಿ ಒಬ್ಬ ಅಭ್ಯರ್ಥಿಗೆ ನಲವತ್ತು ಮತ ಬಿತ್ತು ಅಂದರೆ ಆ ನಲವತ್ತು ಯಾರು ಅಂತ ಸಂಜೆಯೊಳಗೆ ಗೊತ್ತಾಗುತ್ತೆ. ಪಟಲದ ಹಿಂದೆ ನಿಂತು ಗುಂಡಿ ಒತ್ತಿದ್ದು ಗುಪ್ತವೇ, ಸರಿ. ಎಣಿಸಿದ ಮೇಲೆ ಆ ಗುಪ್ತ ಎಷ್ಟು ಉಳೀತು?

ಮತಪತ್ರದ ಕಾಲದಲ್ಲಿ ಇದಕ್ಕೆ ಒಂದು ದಾರಿ ಇತ್ತು. ಬೇರೆ ಬೇರೆ ಬೂತಿನ ಚೀಟಿಗಳನ್ನು ಡ್ರಮ್ಮಿನಲ್ಲಿ ಕಲಸಿ ಆಮೇಲೆ ಎಣಿಸೋ ಪದ್ಧತಿ. ಯಂತ್ರ ಬಂದ ಮೇಲೆ ಮತ ದಾಖಲಾಗೋ ಒಂದೊಂದು ಕಂಟ್ರೋಲ್ ಯೂನಿಟ್ಟೂ ತನ್ನ ಬೂತಿನ ಲೆಕ್ಕ ಬೇರೆಯಾಗಿಯೇ ಹೇಳುತ್ತೆ. ನಿಮ್ಮ ಆಯೋಗವೇ 2008ರಲ್ಲಿ ಟೋಟಲೈಸರ್ ಅನ್ನೋ ಸಾಧನ ತರೋಣ ಅಂತ ಸೂಚಿಸಿತ್ತು. ಹದಿನಾಲ್ಕು ಯಂತ್ರಗಳನ್ನು ಜೋಡಿಸಿ ಒಟ್ಟು ಮೊತ್ತ ಮಾತ್ರ ತೋರಿಸೋ ಸಾಧನ. 2015ರ ಮಾರ್ಚ್‌ನಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಇದೇ ಆಗಲಿ ಅಂದಿತು. ದಿಲ್ಲಿಯಲ್ಲಿ ಮಾತ್ರ ಒಪ್ಪಿಗೆ ಸಿಗಲಿಲ್ಲ. ಬೂತ್‌ವಾರು ಲೆಕ್ಕ ಇದ್ದರೆ ಪಕ್ಷಗಳಿಗೆ ಎಲ್ಲಿ ಕೆಲಸ ಕಡಿಮೆಯಾಗಿದೆ ಅಂತ ಗೊತ್ತಾಗುತ್ತೆ ಅನ್ನೋದು ಒಂದು ವಾದ. ಇರಬಹುದು. ಅಕ್ಕನ ಕೇರಿಯ ಹುಡುಗರಿಗೆ ಆ ಮೊಬೈಲಿನಿಂದ ಗೊತ್ತಾದದ್ದು ಬೇರೆಯದೇ.

ಇನ್ನು ಅಥಣಿಗೆ ಬರ್ತೀನಿ. ನನ್ನ ಬೇಡಿಕೆ ಅರ್ಥ ಆಗಬೇಕಾದರೆ ನಮ್ಮ ಕ್ಷೇತ್ರದ ಕಥೆ ನಿಮಗೆ ಹೇಳಲೇಬೇಕು. ಜಿಲ್ಲೆಯ ಹದಿನೆಂಟು ಕ್ಷೇತ್ರಗಳಲ್ಲಿ ನಮ್ಮದು ಮೂರನೇ ನಂಬರು. ನಿಮಗದು ಕಡತದ ನಂಬರು. ನಮಗೆ ಅದರೊಳಗೆ ಒಂದು ಸಂಸಾರದ ಕಥೆಯಷ್ಟು ತಿರುವುಗಳಿವೆ.

ನಮ್ಮ ಅಜ್ಜ ಮೊದಲ ಸಲ ವೋಟು ಹಾಕಿದ್ದು ಮುಂಬಯಿ ರಾಜ್ಯಕ್ಕೆ. 1952ರ ಆ ಮೊದಲ ಚುನಾವಣೆಯಲ್ಲಿ ಬೆಳಗಾವಿ ಜಿಲ್ಲೆಯ ಶಾಸಕರು ಕೂತದ್ದು ಮುಂಬಯಿ ವಿಧಾನಸಭೆಯಲ್ಲಿ. 1956ರ ನವೆಂಬರ್ 1ಕ್ಕೆ ಏಕೀಕರಣ ಆಯ್ತು, 1957ರಲ್ಲಿ ಅದೇ ಅಜ್ಜ ಮೈಸೂರು ರಾಜ್ಯಕ್ಕೆ ವೋಟು ಹಾಕಿದ. ಮನೆ ಬದಲಾಗಲಿಲ್ಲ, ಹೊಲ ಬದಲಾಗಲಿಲ್ಲ, ರಾಜ್ಯ ಬದಲಾಯ್ತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ನಮ್ಮ ಪಠ್ಯಪುಸ್ತಕದಲ್ಲಿ ಏಕೀಕರಣದ ಪಾಠ ಇದೆ. ಆದರೆ ನಮ್ಮ ಕ್ಷೇತ್ರದಿಂದ ಮುಂಬಯಿಗೆ ಹೋದವರು ಯಾರು, ಮೈಸೂರಿಗೆ ಮೊದಲು ಹೋದವರು ಯಾರು ಅಂತ ಒಂದು ಮಗುವನ್ನು ಕೇಳಿ ನೋಡಿ. ಮಾಸ್ತರರನ್ನೂ ಕೇಳಿ ನೋಡಿ.

1994ರಲ್ಲಿ ಜನತಾದಳದಿಂದ ಲೀಲಾದೇವಿ ಆರ್. ಪ್ರಸಾದ್ ಗೆದ್ದರು. ಜೆ.ಎಚ್. ಪಟೇಲರ ಸರ್ಕಾರದಲ್ಲಿ ಕನ್ನಡ ಮತ್ತು ಸಂಸ್ಕೃತಿ ಖಾತೆಯ ಮಂತ್ರಿಯಾದರು. ಗಡಿಯ ತಾಲೂಕಿನ ಶಾಸಕಿಗೆ ಕನ್ನಡದ ಖಾತೆ! ನಮಗೆಲ್ಲ ಹೆಮ್ಮೆ ಇತ್ತು. ಅವರ ನಂತರ ಅಥಣಿಯಿಂದ ಒಬ್ಬ ಹೆಣ್ಣುಮಗಳೂ ವಿಧಾನಸಭೆಗೆ ಹೋಗಿಲ್ಲ. ಇಂದಿನ ಕಾಲೇಜು ಹುಡುಗಿಯರಿಗೆ ಇದನ್ನು ಹೇಳಿದರೆ, "ನಮ್ಮ ಅಥಣಿಯಿಂದಾನಾ ಸರ್?" ಅಂತ ಕಣ್ಣು ದೊಡ್ಡದು ಮಾಡ್ತಾರೆ.

1999ರಲ್ಲಿ ಶಹಾಜಹಾನ್ ಡೊಂಗರಗಾಂವ ಗೆದ್ದರು. 2004ರಿಂದ ಲಕ್ಷ್ಮಣ ಸವದಿ ಅವರ ಕಾಲ. 2004, 2008, 2013, ಮೂರು ಸಲವೂ ಕಮಲದ ಗುರುತಿನಲ್ಲಿ. ನಡುವೆ ಮಂತ್ರಿಯಾದರು. 2012ರ ಫೆಬ್ರವರಿಯಲ್ಲಿ, ಸದನದೊಳಗೆ ಮೊಬೈಲ್‌ನಲ್ಲಿ ಅಶ್ಲೀಲ ವಿಡಿಯೋ ನೋಡಿದ ಆರೋಪದ ಪ್ರಕರಣದಲ್ಲಿ, ಮಂತ್ರಿಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಬೆಂಗಳೂರಿನ ಪತ್ರಿಕೆ ಓದಿದವರು ಇವರ ಕಥೆ ಮುಗೀತು ಅಂದುಕೊಂಡಿದ್ದರು. ಮರುವರ್ಷವೇ ಅಥಣಿ ಅವರನ್ನು 23 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆಲ್ಲಿಸಿತು. ಇದು ಸರಿಯೋ ತಪ್ಪೋ ನಾನು ಹೇಳೋದಿಲ್ಲ. ಒಂದು ಕ್ಷೇತ್ರ ಯಾವುದನ್ನು ತೂಗಿ ನೋಡುತ್ತೆ ಅನ್ನೋದು ಬೆಂಗಳೂರಿನಲ್ಲಿ ಕೂತು ಗೊತ್ತಾಗೋದಿಲ್ಲ ಅಂತ ಮಾತ್ರ ಹೇಳ್ತೀನಿ. ಆ ಸಲ ಎರಡನೇ ಸ್ಥಾನದಲ್ಲಿ ಇದ್ದವರು ಕಾಂಗ್ರೆಸ್‌ನ ಮಹೇಶ ಕುಮಠಳ್ಳಿ.

2018ರಲ್ಲಿ ಅದೇ ಜೋಡಿ, ಅದೇ ಗುರುತುಗಳು. ಈ ಸಲ ಕುಮಠಳ್ಳಿ ಗೆದ್ದರು, ಆ 2,331ರ ಅಂತರದಲ್ಲಿ. ಆಮೇಲೆ ನಡೆದದ್ದನ್ನು ಒಂದೊಂದೇ ತಾರೀಖು ಹಿಡಿದು ಹೇಳಬೇಕು, ಇಲ್ಲದಿದ್ದರೆ ನಂಬೋದು ಕಷ್ಟ.

2019ರ ಜುಲೈನಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದ ಹಲವು ಶಾಸಕರು ರಾಜೀನಾಮೆ ಕೊಟ್ಟರು. ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ ಬಿತ್ತು. ಜುಲೈ 25ಕ್ಕೆ ಸಭಾಧ್ಯಕ್ಷ ರಮೇಶ್ ಕುಮಾರ್ ಅವರು ನಮ್ಮ ಶಾಸಕರನ್ನೂ ಗೋಕಾಕದ ರಮೇಶ ಜಾರಕಿಹೊಳಿ ಅವರನ್ನೂ ಅನರ್ಹಗೊಳಿಸಿದರು. ಜುಲೈ 28ಕ್ಕೆ ಉಳಿದವರ ಸರದಿ, ಅದರಲ್ಲಿ ಕಾಗವಾಡದ ಶ್ರೀಮಂತ ಪಾಟೀಲರೂ ಇದ್ದರು. ನಡುವೆ ಜುಲೈ 26ಕ್ಕೆ ಯಡಿಯೂರಪ್ಪ ಒಬ್ಬರೇ ಪ್ರಮಾಣವಚನ ತಗೊಂಡರು.

ಆಗಸ್ಟ್ ಮೊದಲ ವಾರ ಕೃಷ್ಣೆ ಬಂದಳು.

ಆ ನೆರೆ ನೋಡಿದವರು ಮರೆಯೋದಿಲ್ಲ. 2005ರದ್ದನ್ನೂ ನೋಡಿದ್ದೆವು, ಇದು ಅದಕ್ಕೂ ಮೇಲೆ. ದನಕರು ಬಿಚ್ಚಿ, ಜೋಳದ ಚೀಲ ಹೊತ್ತು, ಶಾಲೆಗೆ ಓಡಿದೆವು. ನಾನು ಮಲಗಿದ್ದು ನಮ್ಮೂರಿನ ಬೂತಿನ ಖೋಲಿಯಲ್ಲಿ, ಗೋಡೆಯ ಮೇಲೆ ಮತಗಟ್ಟೆ ಸಂಖ್ಯೆ ನೋಡುತ್ತಾ. ಆಗ ಅಥಣಿಗೆ ಶಾಸಕರಿಲ್ಲ. ಕಾಗವಾಡಕ್ಕೆ ಶಾಸಕರಿಲ್ಲ. ಗೋಕಾಕಕ್ಕೂ ಇಲ್ಲ. ರಾಜ್ಯದಲ್ಲಿ ಮುಖ್ಯಮಂತ್ರಿ ಬಿಟ್ಟರೆ ಒಬ್ಬ ಮಂತ್ರಿಯೂ ಇಲ್ಲ. ಅಧಿಕಾರಿಗಳು, ಸೇನೆಯವರು, ಊರಿನ ಹುಡುಗರು ಕೆಲಸ ಮಾಡಿದರು, ಇಲ್ಲ ಅನ್ನೋದಿಲ್ಲ. ಮಾಜಿ ಶಾಸಕರೂ ಅನರ್ಹ ಶಾಸಕರೂ ಓಡಾಡಿದ್ದಾರು. ಆದರೆ ಕೇಳೋಕೆ ಅಂತ ನಾವು ಆರಿಸಿ ಕಳಿಸಿದ ಕುರ್ಚಿ ಖಾಲಿ ಇತ್ತು. ನೆರೆಯ ವರ್ಷ ಯಾರ್ಯಾರು ಶಾಸಕರಿದ್ದರು ಅಂತ ಮುಂದೊಂದು ದಿನ ಯಾರಾದರೂ ಪಟ್ಟಿ ತೆಗೆದರೆ ಅಲ್ಲಿ 2018 ಅಂತ ಒಂದು ಹೆಸರು, 2019 ಅಂತ ಅದೇ ಹೆಸರು ಕಾಣುತ್ತೆ. ನಡುವಿನ ಖಾಲಿ ತಿಂಗಳುಗಳು ಕಾಣೋದಿಲ್ಲ.

ಆಗಸ್ಟ್ 20ಕ್ಕೆ ಸಂಪುಟ ರಚನೆಯಾಯ್ತು. ಸವದಿ ಅವರು ಮಂತ್ರಿ, ಕೆಲವೇ ದಿನಕ್ಕೆ ಉಪಮುಖ್ಯಮಂತ್ರಿ. ಆಗ ಅವರು ವಿಧಾನಸಭೆಯಲ್ಲೂ ಇರಲಿಲ್ಲ, ಪರಿಷತ್ತಿನಲ್ಲೂ ಇರಲಿಲ್ಲ. ಗೆದ್ದವರು ಅನರ್ಹ, ಸೋತವರು ಉಪಮುಖ್ಯಮಂತ್ರಿ. ಎರಡೂ ಕಾನೂನಿನ ಪ್ರಕಾರವೇ ನಡೆದದ್ದು. ಗಣಿತದಲ್ಲಿ ಇಂಥದ್ದು ಬಂದರೆ ಎಲ್ಲೋ ಚಿಹ್ನೆ ತಪ್ಪಿದೆ ಅಂತ ಹಿಂದಿನ ಸಾಲು ನೋಡ್ತೀವಿ.

ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂದಿತು, ಆದರೆ ಮತ್ತೆ ಸ್ಪರ್ಧಿಸೋಕೆ ಅಡ್ಡಿ ಇಲ್ಲ ಅಂತಲೂ ಹೇಳಿತು. ಡಿಸೆಂಬರ್ 5ಕ್ಕೆ ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ. ಕುಮಠಳ್ಳಿ ಈಗ ಕಮಲದ ಗುರುತಿನಲ್ಲಿ. ಅವರ ಪರ ಮತ ಕೇಳೋಕೆ ಬಂದವರಲ್ಲಿ ಒಂದೂವರೆ ವರ್ಷದ ಹಿಂದೆ ಅವರಿಂದಲೇ ಸೋತ ಸವದಿ ಅವರೂ ಇದ್ದರು. ಕುಮಠಳ್ಳಿ ಅವರಿಗೆ 99,203. ಕಾಂಗ್ರೆಸ್‌ನ ಗಜಾನನ ಮಂಗಸೂಳಿ ಅವರಿಗೆ 59,214. ಅಂತರ 39,989. ಗೆದ್ದರೂ ಕುಮಠಳ್ಳಿ ಮಂತ್ರಿಯಾಗಲಿಲ್ಲ.

2023ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ಕುಮಠಳ್ಳಿ ಅವರಿಗೇ ಸಿಕ್ಕಿತು. ಸವದಿ ಕಾಂಗ್ರೆಸ್ ಸೇರಿದರು. ಮೂರನೇ ಸಲ ಅದೇ ಇಬ್ಬರು ಎದುರುಬದುರು, ಗುರುತು ಮಾತ್ರ ಅದಲುಬದಲು. ಸವದಿ ಅವರಿಗೆ 1,31,404. ಕುಮಠಳ್ಳಿ ಅವರಿಗೆ 55,282. ಅಂತರ 76,122.

ಈಗ ಆ ಅಂಕಿಗಳನ್ನು ಪಕ್ಷದ ಹೆಸರಿನಲ್ಲಿ ಓದಿ ನೋಡಿ. ಕಾಂಗ್ರೆಸ್‌ಗೆ 82 ಸಾವಿರ, ಆಮೇಲೆ 59 ಸಾವಿರ, ಆಮೇಲೆ 1 ಲಕ್ಷ 31 ಸಾವಿರ. ಬಿಜೆಪಿಗೆ 79 ಸಾವಿರ, 99 ಸಾವಿರ, 55 ಸಾವಿರ. ಐದು ವರ್ಷದಲ್ಲಿ ಇಷ್ಟು ಏರಿಳಿತ. ಟಿವಿಯವರು ಇದಕ್ಕೆ ಅಲೆ ಅಂತಾರೆ, ಅನುಕಂಪ ಅಂತಾರೆ, ಜಾತಿ ಲೆಕ್ಕಾಚಾರ ಅಂತಾರೆ. ಪ್ರತಿ ಚುನಾವಣೆಗೂ ಪೇಪರಿನಲ್ಲಿ ಒಂದು ಚೌಕ ಬರುತ್ತೆ, ಇಂಥ ಸಮುದಾಯ ಇಷ್ಟು ಸಾವಿರ ಅಂತ. ಎಲ್ಲವೂ ದುಂಡಗಿನ ಅಂಕಿ, ಕೊನೆಯಲ್ಲಿ ಮೂರು ಸೊನ್ನೆ. ಯಾರು ಎಣಿಸಿದ್ದು ಅಂತ ನಾನು ಒಬ್ಬ ವರದಿಗಾರರನ್ನು ಕೇಳಿದೆ. "ಅಂದಾಜು ಸರ್" ಅಂದರು. ನಿಜವಾಗಿ ಎಣಿಸಿದ ಅಂಕಿ, ಒಂದು ವೋಟಿಗೂ ಲೆಕ್ಕ ಇರೋ ಅಂಕಿ, ನಿಮ್ಮ ಕಚೇರಿಯಲ್ಲಿದೆ. ಅದು ಯಾರ ಬಾಯಲ್ಲೂ ಇಲ್ಲ. 2019ರಲ್ಲಿ ಕಾಂಗ್ರೆಸ್‌ನಲ್ಲೇ ಉಳಿದ 59 ಸಾವಿರ ಜನ ಯಾವ ಊರಿನವರು? ಗುರುತಿಗೆ ವೋಟು ಹಾಕಿದವರೋ, ಪಕ್ಷ ಬಿಟ್ಟ ಸಿಟ್ಟಿಗೆ ಹಾಕಿದವರೋ? ಅವರು 2023ರಲ್ಲಿ ಸವದಿ ಅವರಿಗೆ ಹಾಕಿದರಾ? ನೆರೆ ಬಂದ ಊರುಗಳು ಬೇರೆ ಥರ ಹಾಕಿದವಾ? ಇದೆಲ್ಲ ಅಥಣಿಯವರು ತಮ್ಮ ಬಗ್ಗೆ ತಾವೇ ತಿಳಿಯಬೇಕಾದ ವಿಷಯ. ಉತ್ತರದ ಒಂದು ತುದಿಯಾದರೂ ಬೂತಿನ ಹಾಳೆಯಲ್ಲಿದೆ.

ನಮ್ಮ ಭಾಗದ ಕ್ಷೇತ್ರಗಳ ಕಥೆ ಅಥಣಿಗೆ ಮುಗಿಯೋದಿಲ್ಲ. 2018ರಲ್ಲಿ ಬಾದಾಮಿಯಲ್ಲಿ ಸಿದ್ದರಾಮಯ್ಯ ಮತ್ತು ಶ್ರೀರಾಮುಲು ಎದುರಾದರು. ಒಬ್ಬರು ಮೈಸೂರಿನಿಂದ ಬಂದವರು, ಇನ್ನೊಬ್ಬರು ಬಳ್ಳಾರಿಯಿಂದ. ಸಿದ್ದರಾಮಯ್ಯ ಗೆದ್ದರು, ಅಂತರ 1,696. ಇನ್ನು ನಮ್ಮದೇ ಜಿಲ್ಲೆಯ 1996ರ ಕಥೆ. ಬೆಳಗಾವಿ ಲೋಕಸಭಾ ಚುನಾವಣೆಗೆ 456 ಜನ ನಿಂತಿದ್ದರು. ಗಡಿ ವಿವಾದದ ಕಡೆ ದೇಶ ನೋಡಲಿ ಅಂತ ನಾಮಪತ್ರಗಳ ಮಳೆ ಸುರಿಸಿದ್ದರು. ಆಮೇಲೆ ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10 ಸಾವಿರಕ್ಕೆ ಏರಿತು. ದೇಶದ ನಿಯಮ ಬದಲಾಗೋದರಲ್ಲಿ ಬೆಳಗಾವಿಯದ್ದೂ ಒಂದು ಪಾಲಿದೆ ಅಂತ ನಮ್ಮ ಜಿಲ್ಲೆಯ ಎಷ್ಟು ಶಾಲೆಗಳಲ್ಲಿ ಹೇಳ್ತಾರೆ?

ಅವಸರ ಯಾಕೆ ಅಂತ ಕೇಳಿದರೆ, ಕ್ಷೇತ್ರಗಳ ಮರುವಿಂಗಡಣೆ ಬರ್ತಿದೆ. 2027ರ ಜನಗಣತಿ ಮುಗಿದ ಮೇಲೆ ಗಡಿಗೆರೆಗಳು ಮತ್ತೆ ಬದಲಾಗೋ ಮಾತಿದೆ. ಹಿಂದಿನ ಸಲ ಏನಾಯ್ತು ನೋಡಿದ್ದೇವೆ. ಹೊಸ ಗಡಿಗಳ ಮೇಲೆ ದೇಶದಲ್ಲೇ ಮೊದಲು ಚುನಾವಣೆ ನಡೆದದ್ದು ನಮ್ಮ ರಾಜ್ಯದಲ್ಲಿ, 2008ರ ಮೇನಲ್ಲಿ. ಆಗ ಬೆಳಗಾವಿಯಲ್ಲಿ ಉಚಗಾಂವ, ಸಂಕೇಶ್ವರ ಹೋದವು. ಪರಸಗಡ ಹೋಗಿ ಸವದತ್ತಿ ಯಲ್ಲಮ್ಮ ಬಂತು. ಬಾಗಲಕೋಟೆಯಲ್ಲಿ ಗುಳೇದಗುಡ್ಡ ಹೋಯ್ತು. ವಿಜಯಪುರದಲ್ಲಿ ತಿಕೋಟಾ, ಬಳ್ಳೊಳ್ಳಿ, ಹೂವಿನಹಿಪ್ಪರಗಿ ಹೋದವು. ಅಲ್ಲಿ ದಶಕಗಟ್ಟಲೆ ನಡೆದ ಚುನಾವಣೆಗಳ ಕಥೆ ಈಗ ಯಾವ ಕ್ಷೇತ್ರದ ಕಡತದಲ್ಲಿದೆ? ಗುಳೇದಗುಡ್ಡದ ನೇಕಾರ ಹುಡುಗ ತನ್ನ ಊರಿಗೊಬ್ಬ ಶಾಸಕರಿದ್ದರು ಅಂತ ಅಜ್ಜನ ಬಾಯಿಂದ ಕೇಳಬೇಕು. ಅಜ್ಜ ಹೋದ ಮೇಲೆ ಅದೂ ಇಲ್ಲ.

ಹಾಗಾಗಿ ನನ್ನ ಬೇಡಿಕೆ ಇದು. ಬೂತಿನ ಲೆಕ್ಕವನ್ನು ಒಂದೋ ಯಾರಿಗೂ ತೋರಿಸಬೇಡಿ, ಇಲ್ಲ ಎಲ್ಲರಿಗೂ ತೋರಿಸಿ. ನನ್ನ ಮನಸ್ಸು ಮೊದಲನೆಯದರ ಕಡೆ ಇದೆ. ಟೋಟಲೈಸರ್ ಬರಲಿ, ತೋಟದ ವಸ್ತಿಯ ನಲವತ್ತು ಜನ ನೆಮ್ಮದಿಯಿಂದ ಮಲಗಲಿ. ಆದರೆ ಅದು ನಿಮ್ಮ ಕೈಯಲ್ಲಿಲ್ಲ, ದಿಲ್ಲಿಯ ಕೈಯಲ್ಲಿದೆ ಅಂತ ಗೊತ್ತು. ಅಲ್ಲಿವರೆಗೆ ಹಳೆಯ ಹಾಳೆಗಳನ್ನೆಲ್ಲ ಕನ್ನಡದಲ್ಲಿ, ಬೂತಿನ ನಂಬರಿನ ಜೊತೆ ಊರಿನ ಹೆಸರು, ಶಾಲೆಯ ಹೆಸರು ಸೇರಿಸಿ ಕೊಡಿ. ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ ಒಂದು ಪುಸ್ತಕವಾಗಿ ಇಡಿ. ಮೊಬೈಲ್ ತೆಗೆದು ನೂರಾ ಹದಿನಾಲ್ಕು ಅನ್ನೋರಿಗೆ ಹುಡುಗರೂ ಪುಸ್ತಕ ತೆರೆದು, "ಅದು ಸುಳ್ಳರಿ, ಇಲ್ಲಿ ನೋಡ್ರಿ" ಅನ್ನಲಿ. ಅಥವಾ, "ಹೌದರಿ, ನಿಜ ಐತಿ, ರಸ್ತಾ ಆದರೂ ಬೇಕು" ಅನ್ನಲಿ.

ಇದರಿಂದ ಊರೂರಿಗೆ ಜಗಳ ಹತ್ತುತ್ತೆ ಅಂತ ನನ್ನ ಗೆಳೆಯರೊಬ್ಬರು ಹೆದರಿಸಿದರು. ಅವರೂ ಡ್ಯೂಟಿ ಮಾಡಿದ ಮಾಸ್ತರರೇ. ಅವರ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಚಿಕ್ಕ ಬೂತುಗಳ ವಿಷಯದಲ್ಲಿ ನನಗೂ ಅಳುಕಿದೆ. ಬೇಕಾದರೆ ಅಂಥ ಬೂತುಗಳನ್ನು ಪಂಚಾಯ್ತಿ ಮಟ್ಟಕ್ಕೆ ಕೂಡಿಸಿ ಕೊಡಿ. ಪಕ್ಷಗಳ ಹತ್ತಿರ ಬಿಡಿ ಲೆಕ್ಕ ಇದ್ದೇ ಇರುತ್ತೆ, ಅದೂ ಗೊತ್ತು. ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ.

ಇನ್ನೊಂದು ಬೇಡಿಕೆಗೆ ಯಾರ ತಕರಾರೂ ಇರಲಾರದು. ಕ್ಷೇತ್ರದ ಚುನಾವಣಾ ಇತಿಹಾಸವನ್ನು ಒಂದು ಫಲಕದಲ್ಲಿ ಬರೆಸಿ. 1952ರಿಂದ ಶುರು ಮಾಡಿ, 1957ರಿಂದ ಅಲ್ಲ. ವರ್ಷ, ಗೆದ್ದವರು, ಗುರುತು, ಮತ, ಎರಡನೇ ಸ್ಥಾನದವರು, ಅಂತರ, ಒಟ್ಟು ಮತದಾರರು, ಬಂದು ಹಾಕಿದವರು. ಉಪಚುನಾವಣೆ ಯಾಕೆ ಬಂತು ಅಂತ ಒಂದು ಸಾಲು. ಕುರ್ಚಿ ಖಾಲಿ ಇದ್ದರೆ ಎಲ್ಲಿಂದ ಎಲ್ಲಿವರೆಗೆ ಅಂತ ತಾರೀಖು. ಹೊಗಳಿಕೆ ಬೇಡ, ಫೋಟೋ ಬೇಡ. ಫೋಟೋ ಹಾಕಿದರೆ ನೀತಿಸಂಹಿತೆ ಬಂದಾಗ ಪೇಪರ್ ಅಂಟಿಸಿ ಮುಚ್ಚಬೇಕು, ಆ ಕೆಲಸ ಎಷ್ಟು ಸಲ ಮಾಡಿದ್ದೇನೋ ನನಗೇ ಲೆಕ್ಕವಿಲ್ಲ. ಚುನಾವಣೆ ಹೊತ್ತಿಗೆ ಇಡೀ ಫಲಕಕ್ಕೆ ಒಂದು ಬಟ್ಟೆ ಹೊದಿಸಿದರೆ ಆಯ್ತು.

ಖರ್ಚಿನ ಮಾತು ಎತ್ತಬೇಡಿ. ನಮ್ಮೂರಿನ ಶಾಲೆ ಗೋಡೆ ಮೇಲೆ ಮತಗಟ್ಟೆ ಸಂಖ್ಯೆ, ಭಾಗದ ಹೆಸರು ನೀವೇ ಬರೆಸಿದ್ದೀರಿ. ಅದರ ಕೆಳಗೆ ಅರ್ಧ ಗೋಡೆ ಖಾಲಿ ಇದೆ. ಬಣ್ಣ ನಾನು ತರ್ತೀನಿ. ಬೋರ್ಡು ಬರೆಯೋ ಹುಡುಗ ನನ್ನ ಹಳೇ ವಿದ್ಯಾರ್ಥಿ, ಗಣಿತದಲ್ಲಿ ದಡ್ಡ, ಅಕ್ಷರ ಮಾತ್ರ ಮುತ್ತು. ನನ್ನ ಹತ್ತಿರ ಇರೋ ಸಾಲುಗಳನ್ನು ಒಂದು ಚಾರ್ಟ್ ಹಾಳೆ ಮೇಲೆ ಆಗಲೇ ಬರೆದಿಟ್ಟಿದ್ದೇನೆ. ಕೆಳಗಿನ ಅರ್ಧ ತುಂಬಿದೆ. ಮೇಲಿನ ಅರ್ಧ, 1952ರಿಂದ ಮುಂದಿನ ಮೂರು ದಶಕ, ಖಾಲಿ ಬಿಟ್ಟಿದ್ದೇನೆ. ಅದನ್ನು ನಿಮ್ಮ ಕಡತ ನೋಡಿಯೇ ತುಂಬಬೇಕು, ಬಾಯಿಮಾತಿನಿಂದ ಬೇಡ.

ಹೆಡ್‌ಮಾಸ್ತರರನ್ನು ಕೇಳಿದೆ. "ಸರ್, ಚಲೋ ಕೆಲಸ, ಆದರ ಮೇಲಿಂದ ಒಂದು ಪತ್ರ ಬಂದರ ನನಗೂ ಧೈರ್ಯ" ಅಂದರು. ಪುಸ್ತಕ, ಟೋಟಲೈಸರ್ ಎಲ್ಲ ನಿಧಾನಕ್ಕೆ ಆಗಲಿ. ಆ ಅನುಮತಿ ಪತ್ರ ಮತ್ತು ಮೇಲಿನ ಅರ್ಧದ ಅಂಕಿಗಳನ್ನು ಮಾತ್ರ ಮಳೆಗಾಲಕ್ಕೆ ಮುಂಚೆ ಕಳಿಸಿಕೊಡಿ. ಹಸಿ ಗೋಡೆಗೆ ಬಣ್ಣ ಹಿಡಿಯೋದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಅಥಣಿ ವಿಧಾನಸಭಾ ಕ್ಷೇತ್ರದ ಒಬ್ಬ ಮತದಾರ, ನಿವೃತ್ತ ಮತಗಟ್ಟೆ ಅಧ್ಯಕ್ಷಾಧಿಕಾರಿ